ಹೊಸ ಡಿಸ್ಕಿನಲ್ಲಿ ವಿಂಡೋಸ್ ಕೂರದಿದ್ದಾಗ: ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಹೊಸ ಹಾರ್ಡ್ ಡಿಸ್ಕನ್ನೋ ಎಸ್‌ಎಸ್‌ಡಿಯನ್ನೋ (ತಿರುಗುವ ಭಾಗವಿಲ್ಲದ, ಚಿಪ್ಪುಗಳ ಡಿಸ್ಕ್) ಕೂರಿಸಿ, ಪೆನ್ ಡ್ರೈವಿನಿಂದ ವಿಂಡೋಸ್ ಹಾಕಲು ಹೊರಟಾಗ ಕೆಲಸ ನಡುವೆ ನಿಂತರೆ ಮೊದಲ ಅನುಮಾನ ಡಿಸ್ಕಿನ ಮೇಲೆಯೇ ಹೋಗುತ್ತದೆ. ಹೊಸದಾಗಿ ಬಂದದ್ದು ಅದೊಂದೇ ಎಂಬ ಕಾರಣಕ್ಕೆ ಈ ಅನುಮಾನ ಸಹಜ. ಆದರೆ ಅದೇ ದಿನ ಪೆನ್ ಡ್ರೈವನ್ನೂ ಹೊಸದಾಗಿ ತಯಾರಿಸಿರುತ್ತೇವೆ, ವರ್ಷಗಟ್ಟಲೆ ಯಾರೂ ಮುಟ್ಟದಿದ್ದ ಬಯೋಸ್ (ವಿಂಡೋಸ್‌ಗೂ ಮುನ್ನ ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಪುಟವನ್ನು ತೆರೆದಿರುತ್ತೇವೆ, ಕ್ಯಾಬಿನೆಟ್ ಬಿಚ್ಚಿ ಕೇಬಲ್‌ಗಳನ್ನು ಅಲುಗಾಡಿಸಿರುತ್ತೇವೆ. ಡಿಸ್ಕೇ ಕೆಟ್ಟಿದ್ದ ಸಂದರ್ಭಗಳನ್ನೂ ನಾನು ಕಂಡಿದ್ದೇನೆ. ಅದಕ್ಕಿಂತ ಹೆಚ್ಚು ಸಲ ತಪ್ಪು ಸಿಕ್ಕಿದ್ದು ಈ ಮೂರರಲ್ಲಿ ಒಂದರಲ್ಲಿ. ಆದ್ದರಿಂದ ಡಿಸ್ಕನ್ನು ಅಂಗಡಿಗೆ ವಾಪಸ್ ಒಯ್ಯುವ ಮುನ್ನ ಕೆಲಸ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬಯೋಸ್‌ಗೆ ಡಿಸ್ಕ್ ಕಾಣುವುದು ಮೊದಲ ಹಂತ. ಪೆನ್ ಡ್ರೈವ್ ಬೂಟ್ ಆಗುವುದು (ಯಂತ್ರ ಅದರಿಂದ ಏಳುವುದು), ಇನ್‌ಸ್ಟಾಲರ್‌ಗೆ, ಅಂದರೆ ವಿಂಡೋಸ್ ಹಾಕುವ ತಂತ್ರಾಂಶಕ್ಕೆ, ಡಿಸ್ಕ್ ಕಾಣುವುದು, ಪಾರ್ಟಿಷನ್ (ಡಿಸ್ಕಿನ ಜಾಗವನ್ನು ಭಾಗ ಮಾಡುವುದು) ಆಗುವುದು, ಕಡತಗಳ ನಕಲು ನಡೆಯುವುದು, ರೀಸ್ಟಾರ್ಟ್ ಆದ ಮೇಲೆ ಡಿಸ್ಕಿನಿಂದಲೇ ಏಳುವುದು ಅದರ ಮುಂದಿನವು. ಪ್ರತಿಯೊಂದರಲ್ಲಿ ಆಗುವ ತಪ್ಪಿನ ಜಾತಿಯೇ ಬೇರೆ. ಪಾರ್ಟಿಷನ್ ಹಂತದಲ್ಲಿ ನಿಂತದ್ದಕ್ಕೆ ಕೇಬಲ್ ಬದಲಿಸುತ್ತ ಕೂತರೆ ಸಂಜೆಯಾದರೂ ದಾರಿ ಸಿಗದು.

ಹುಡುಕಾಟಕ್ಕೆ ಮುನ್ನ

ಪರದೆಯ ಮೇಲೆ ಬಂದ ಸಂದೇಶವನ್ನು ಮುಚ್ಚುವ ಮುನ್ನ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. "ಏನೋ ಎರರ್ ಬಂತು" ಎಂಬ ನೆನಪಿನಿಂದ ಯಾವ ಪ್ರಯೋಜನವೂ ಇಲ್ಲ. ಎಂಟು ಅಂಕಿಗಳ ದೋಷಸಂಖ್ಯೆಯಿಂದ ಬಹಳ ಇದೆ. ಎರಡನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್ಲನ್ನೂ ಬಯೋಸ್ ಆಯ್ಕೆಯನ್ನೂ ಪೆನ್ ಡ್ರೈವನ್ನೂ ಒಟ್ಟಿಗೆ ಬದಲಿಸಿ ಕೆಲಸ ಆಗಿಬಿಟ್ಟರೆ, ತಪ್ಪು ಯಾವುದರಲ್ಲಿತ್ತು ಎಂಬುದು ತಿಳಿಯುವುದೇ ಇಲ್ಲ. ಆಗದಿದ್ದರೆ ಹೊಸ ತಪ್ಪೊಂದನ್ನು ನಾವೇ ಸೇರಿಸಿದ್ದೇವೆಯೇ ಎಂಬ ಸಂಶಯ ಉಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಹಳೆಯ ಡಿಸ್ಕ್ ಅದೇ ಯಂತ್ರದಲ್ಲಿದ್ದರೆ ಅದರ ಕೇಬಲ್ ಕಿತ್ತು ಪಕ್ಕಕ್ಕಿಡಿ, ಪೆನ್ ಡ್ರೈವ್ ಒಂದನ್ನುಳಿದು ಬೇರೆ ಯುಎಸ್‌ಬಿ ಡಿಸ್ಕುಗಳನ್ನೂ ತೆಗೆಯಿರಿ. ಮುಂದೆ ಹೇಳುವ ಆಜ್ಞೆಗಳಲ್ಲಿ ಒಂದು ಆಯ್ದ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು ಯಾವ ಪ್ರಶ್ನೆಯನ್ನೂ ಕೇಳದೆ ಅಳಿಸುತ್ತದೆ. ಡಿಸ್ಕಿನ ಸಂಖ್ಯೆ ಕೊಡುವಾಗ ಸೊನ್ನೆಯ ಬದಲು ಒಂದು ಎಂದು ಒತ್ತಿದ ಒಂದೇ ಕಾರಣಕ್ಕೆ ಹತ್ತು ವರ್ಷದ ಮನೆಯ ಫೋಟೋಗಳು ಹೋದವರನ್ನು ನಾನು ಕಂಡಿದ್ದೇನೆ. ಹಳೆಯ ಡಿಸ್ಕ್ ಜೊತೆಗಿದ್ದರೆ ಆಗುವ ಇನ್ನೊಂದು ತೊಂದರೆ ಕೊನೆಯ ಹಂತದಲ್ಲಿ ತಲೆಯೆತ್ತುತ್ತದೆ. ಅದನ್ನು ಅಲ್ಲಿಯೇ ವಿವರಿಸುತ್ತೇನೆ.

ಬಯೋಸ್‌ನಲ್ಲೇ ಡಿಸ್ಕ್ ಕಾಣದಿದ್ದರೆ

ಬಯೋಸ್ ಪುಟದಲ್ಲಿ ಡಿಸ್ಕಿನ ಹೆಸರೇ ಇಲ್ಲವೆಂದರೆ ಇನ್‌ಸ್ಟಾಲರ್‌ನ ಬಗ್ಗೆ ಯೋಚಿಸುವ ಅಗತ್ಯವಿಲ್ಲ. ಇದು ತಂತಿ, ವಿದ್ಯುತ್ತು ಅಥವಾ ಸ್ಲಾಟಿನ ವಿಷಯ. ಕೇಬಲ್ಲಿನಿಂದ ಬೋರ್ಡಿಗೆ ಜೋಡಿಸುವ ಸಾಟಾ ಬಗೆಯ ಡಿಸ್ಕಿಗೆ ಎರಡು ಸಂಪರ್ಕಗಳಿವೆ: ಅಗಲವಾದದ್ದು ವಿದ್ಯುತ್ತಿನದು, ಸಣ್ಣದು ದತ್ತಾಂಶದ್ದು. ಎರಡನ್ನೂ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿ, ಹಳೆಯ ಡಿಸ್ಕ್ ಕೆಲಸ ಮಾಡುತ್ತಿದ್ದ ಅದೇ ಕೇಬಲ್ ಮತ್ತು ಅದೇ ಪೋರ್ಟನ್ನು ಹೊಸದಕ್ಕೆ ಕೊಟ್ಟು ನೋಡಿ. ಹಳೆಯದು ಅಲ್ಲಿ ಕಂಡು ಹೊಸದು ಕಾಣದಿದ್ದರೆ ಮಾತ್ರ ಅನುಮಾನವನ್ನು ಡಿಸ್ಕಿನ ಕಡೆಗೆ ತಿರುಗಿಸಬಹುದು. ಮೂರೂವರೆ ಇಂಚಿನ ಹಾರ್ಡ್ ಡಿಸ್ಕಿಗೆ 5 ವೋಲ್ಟಿನ ಜೊತೆಗೆ 12 ವೋಲ್ಟ್ ಕೂಡ ಬೇಕು. ಕೈಯಿಟ್ಟರೆ ಅದು ತಿರುಗುವ ನಡುಕ ತಿಳಿಯಬೇಕು. ತಿಳಿಯದಿದ್ದರೆ ಮೊದಲು ಪವರ್ ಕೇಬಲ್ ಬದಲಿಸಬೇಕು.

ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕುವವರು ಒಂದು ವಿಚಿತ್ರಕ್ಕೆ ಸಿಕ್ಕಿಬೀಳುತ್ತಾರೆ. ಸಾಟಾ ಪವರ್ ಕನೆಕ್ಟರಿನ ಮೂರನೆಯ ಪಿನ್ನಿಗೆ ಹಿಂದೆ 3.3 ವೋಲ್ಟ್ ಬರುತ್ತಿತ್ತು. ಹೊಸ ನಿಯಮದಲ್ಲಿ ಅದೇ ಪಿನ್ನಿಗೆ ಡಿಸ್ಕನ್ನು ಆಫ್ ಮಾಡುವ ಕೆಲಸ ಕೊಟ್ಟಿದ್ದಾರೆ. ಹಳೆಯ ಪವರ್ ಸಪ್ಲೈ ಆ ಪಿನ್ನಿಗೆ ವಿದ್ಯುತ್ತು ಕೊಡುತ್ತಲೇ ಇದ್ದರೆ, ಹೊಸ ನಿಯಮದ ಡಿಸ್ಕ್ ಅದನ್ನು "ಆಫ್ ಆಗು" ಎಂಬ ಅಪ್ಪಣೆ ಎಂದು ತಿಳಿದು ತಿರುಗುವುದೇ ಇಲ್ಲ. ಡಿಸ್ಕೂ ಸರಿ, ಸಪ್ಲೈಯೂ ಸರಿ, ಎರಡರ ನಡುವಿನ ಒಪ್ಪಂದ ಮಾತ್ರ ಬೇರೆ.

ಬೋರ್ಡಿನ ಸ್ಲಾಟಿಗೇ ಸಿಕ್ಕಿಸುವ ಎಂ.2 ಜಾತಿಯ ಎಸ್‌ಎಸ್‌ಡಿಯಲ್ಲಿ ಗೊಂದಲ ಬೇರೆ ಥರದ್ದು. ನೋಡಲು ಒಂದೇ ಬಗೆಯ ಈ ಪಟ್ಟಿಗಳಲ್ಲಿ ಕೆಲವು ಸಾಟಾ ಭಾಷೆಯನ್ನೂ ಕೆಲವು ಅದಕ್ಕಿಂತ ವೇಗದ ಎನ್‌ವಿಎಂಇ ಭಾಷೆಯನ್ನೂ ಆಡುತ್ತವೆ. ಸ್ಲಾಟಿಗೆ ಒಂದೇ ಭಾಷೆ ಗೊತ್ತಿದ್ದರೆ ಇನ್ನೊಂದು ಜಾತಿಯದು ಸರಿಯಾಗಿ ಕೂತರೂ ಕಾಣುವುದಿಲ್ಲ. ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಆದರೂ ಖಚಿತ ಉತ್ತರಕ್ಕೆ ಲೇಬಲ್ಲನ್ನೂ ಮದರ್‌ಬೋರ್ಡಿನ ಕೈಪಿಡಿಯನ್ನೂ ಓದಬೇಕು. ಎಂ.2 ಸ್ಲಾಟ್ ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟುಗಳು ತಾವಾಗಿ ಮಲಗುವ ಬೋರ್ಡುಗಳೂ ಇವೆ. ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಮಾಯವಾದರೆ ಅದು ಸತ್ತಿತೆಂದು ಅಳುವ ಮುನ್ನ ಪಕ್ಕದ ಪೋರ್ಟಿಗೆ ಹಾಕಿ ನೋಡಿ.

ಪೆನ್ ಡ್ರೈವ್

ಇನ್‌ಸ್ಟಾಲರ್ ಏಳುವುದೇ ಇಲ್ಲ, ಅಥವಾ ಎದ್ದು ನಡುವೆ ಕಡತ ಸಿಗುತ್ತಿಲ್ಲ ಎನ್ನುತ್ತದೆ ಎಂದಾದರೆ ಇಳಿಸಿಕೊಂಡ ಐಎಸ್ಒ ಕಡತ (ಇಡೀ ಇನ್‌ಸ್ಟಾಲರನ್ನು ಒಳಗೊಂಡ ಒಂದೇ ಕಡತ) ಪೂರ್ಣವಾಗಿದೆಯೇ ಎಂದು ನೋಡಬೇಕು. ನಾಲ್ಕೈದು ಜಿಬಿಯ ಕಡತ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಯುವಾಗ ನಡುವೆ ಕಡಿದು ಮತ್ತೆ ಮುಂದುವರಿದಿದ್ದರೆ, ಗಾತ್ರ ಸರಿಯಿದ್ದೂ ಒಳಗೆ ಹಾಳಾಗಿರಬಹುದು. ಪ್ರಕಟಿಸಿದವರು ಕೊಟ್ಟಿರುವ ಎಸ್‌ಎಚ್‌ಎ-256 ಸಂಖ್ಯೆಗೆ (ಇದು ಕಡತದ ಬೆರಳಚ್ಚಿನಂತೆ) ನಿಮ್ಮ ಕಡತದ ಸಂಖ್ಯೆಯನ್ನು ಹೋಲಿಸಿ. ವಿಂಡೋಸ್‌ನಲ್ಲಿ ಇದನ್ನು ಲೆಕ್ಕ ಹಾಕಲು ಸರ್ಟ್‌ಯುಟಿಲ್ ಎಂಬ ಆಜ್ಞೆ ಮೊದಲೇ ಇದೆ. ಒಂದೇ ಒಂದು ಅಕ್ಷರ ಬೇರೆಯಾದರೂ ಕಡತವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಬೇಕು.

ಐಎಸ್ಒವನ್ನು ಬಿಚ್ಚಿ ಕಡತಗಳನ್ನು ಪೆನ್ ಡ್ರೈವಿಗೆ ಕೈಯಾರೆ ನಕಲಿಸುವವರಿಗೆ ಇನ್ನೊಂದು ತಡೆ ಎದುರಾಗುತ್ತದೆ. ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್‌ನಲ್ಲಿ ಬೂಟ್ ಆಗಲು ಪೆನ್ ಡ್ರೈವನ್ನು ಫ್ಯಾಟ್32 ಎಂಬ ರೂಪದಲ್ಲಿ ಫಾರ್ಮ್ಯಾಟ್ ಮಾಡುವುದು ರೂಢಿ, ಆದರೆ ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಈಗಿನ ವಿಂಡೋಸ್ ಐಎಸ್ಒಗಳೊಳಗಿನ ಮುಖ್ಯ ಕಡತ ಹಲವು ಸಲ ಈ ಮಿತಿಯನ್ನು ದಾಟುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅಥವಾ ರೂಫಸ್‌ನಂಥ ತಂತ್ರಾಂಶ ಬಳಸಿದರೆ ಈ ಚಿಂತೆಯನ್ನು ಅವೇ ನೋಡಿಕೊಳ್ಳುತ್ತವೆ. ರೂಫಸ್‌ನಲ್ಲಿ ಪೆನ್ ಡ್ರೈವ್ ಮಾಡುವಾಗ ಜಿಪಿಟಿಯೋ ಎಂಬಿಆರೋ (ಪಾರ್ಟಿಷನ್ ಪಟ್ಟಿಯ ಹೊಸ ಮತ್ತು ಹಳೆಯ ಬಗೆಗಳು) ಎಂದು ಕೇಳುವ ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರಿಸಬೇಡಿ. ಅದರ ಫಲ ಎರಡು ಹೆಜ್ಜೆ ಮುಂದೆ ಕಾಣಿಸುತ್ತದೆ.

"ಈ ಪಿಸಿ ವಿಂಡೋಸ್ 11ಕ್ಕೆ ತಕ್ಕುದಲ್ಲ" ಎಂಬ ಅರ್ಥದ ಸಂದೇಶ ಬಂದರೆ ಅದಕ್ಕೂ ಹೊಸ ಡಿಸ್ಕಿಗೂ ಬಹುತೇಕ ಸಂಬಂಧವಿಲ್ಲ. ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಇಡುವ ಭಾಗ), ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯುಳ್ಳ ತಂತ್ರಾಂಶವನ್ನು ಮಾತ್ರ ಏಳಲು ಬಿಡುವ) ಸಾಮರ್ಥ್ಯದ ಯುಇಎಫ್‌ಐ, 4 ಜಿಬಿ ರ‍್ಯಾಮ್, ಒಪ್ಪಿತ ಪಟ್ಟಿಯ ಪ್ರೊಸೆಸರ್ ಮತ್ತು 64 ಜಿಬಿ ಜಾಗವನ್ನು ಅದು ಕೇಳುತ್ತದೆ. ಬಯೋಸ್‌ನಲ್ಲಿ ಟಿಪಿಎಂ ಆಫ್ ಮಾಡಿಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ.

ಬಯೋಸ್‌ಗೆ ಕಂಡು ಇನ್‌ಸ್ಟಾಲರ್‌ಗೆ ಕಾಣದ ಡಿಸ್ಕ್

ಇದು ಈಚಿನ ಲ್ಯಾಪ್‌ಟಾಪುಗಳ ರೋಗ. ಅಕ್ಕನ ಮಗನ ಲ್ಯಾಪ್‌ಟಾಪಿಗೆ ದೊಡ್ಡ ಎನ್‌ವಿಎಂಇ ಹಾಕಿದಾಗ ಬಯೋಸ್ ಅದರ ಹೆಸರನ್ನೂ ಗಾತ್ರವನ್ನೂ ಸರಿಯಾಗಿ ತೋರಿಸುತ್ತಿತ್ತು, ಇನ್‌ಸ್ಟಾಲರ್ ಮಾತ್ರ ಯಾವ ಡ್ರೈವೂ ಸಿಗಲಿಲ್ಲ, ಡ್ರೈವರ್ (ಯಂತ್ರಭಾಗವನ್ನು ನಡೆಸುವ ತಂತ್ರಾಂಶ) ಕೊಡಿ ಎಂದು ಖಾಲಿ ಪಟ್ಟಿ ಮುಂದಿಡುತ್ತಿತ್ತು. ಅವನು ಡಿಸ್ಕನ್ನು ಎರಡು ಸಲ ಬಿಚ್ಚಿ ಹಾಕಿದ್ದ. ಡಿಸ್ಕಿನಲ್ಲಿ ಯಾವ ದೋಷವೂ ಇರಲಿಲ್ಲ. ಇಂಟೆಲ್‌ನ 11ನೇ ತಲೆಮಾರಿನ ಕೋರ್ ಪ್ರೊಸೆಸರುಗಳಿಂದ ಈಚೆಗೆ ಹಲವು ಲ್ಯಾಪ್‌ಟಾಪುಗಳಲ್ಲಿ ಎನ್‌ವಿಎಂಇ ಡಿಸ್ಕ್ ವಿಎಂಡಿ ಎಂಬ ನಿಯಂತ್ರಕದ ಹಿಂದೆ ಕೂತಿರುತ್ತದೆ. ಆ ನಿಯಂತ್ರಕದ ಡ್ರೈವರ್ ಇನ್‌ಸ್ಟಾಲರ್‌ನ ಬಳಿ ಇಲ್ಲದಿದ್ದರೆ, ಬಾಗಿಲ ಹಿಂದಿನ ಡಿಸ್ಕಿನ ಸುಳಿವೂ ಅದಕ್ಕೆ ಸಿಗುವುದಿಲ್ಲ.

ಇದಕ್ಕೆ ದಾರಿ ಎರಡು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಆ ಮಾದರಿಗೇ ಸೇರಿದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ, ಬಿಚ್ಚಿ, ಪೆನ್ ಡ್ರೈವಿನ ಒಂದು ಫೋಲ್ಡರಿನಲ್ಲಿಟ್ಟು, ಇನ್‌ಸ್ಟಾಲರ್‌ನ ಲೋಡ್ ಡ್ರೈವರ್ ಗುಂಡಿಯಿಂದ ಅದನ್ನು ತೋರಿಸುವುದು ಒಂದು. ಇಲ್ಲಿ ಜಾರುವ ಜಾಗ ಯಾವುದೆಂದರೆ, ಇಳಿಸಿದ ಇಎಕ್ಸ್‌ಇ ಕಡತವನ್ನು ಹಾಗೆಯೇ ಪೆನ್ ಡ್ರೈವಿಗೆ ಹಾಕುವುದು. ಇನ್‌ಸ್ಟಾಲರ್ ಹುಡುಕುವುದು ಬಿಚ್ಚಿದ ಮೇಲೆ ಸಿಗುವ ಐಎನ್‌ಎಫ್ ಕಡತವನ್ನು. ಇನ್ನೊಂದು ದಾರಿ, ಬಯೋಸ್‌ನಲ್ಲಿ ವಿಎಂಡಿಯನ್ನು ಆಫ್ ಮಾಡುವುದು. ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕುವಾಗ ಇದರಿಂದ ತೊಂದರೆಯಿಲ್ಲ, ನಾನು ಸಾಮಾನ್ಯವಾಗಿ ಇದನ್ನೇ ಮಾಡುತ್ತೇನೆ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ವಿಎಂಡಿ ಇದ್ದಾಗ ಹಾಕಿದ ಹಳೆಯ ವಿಂಡೋಸ್ ಇನ್ನೊಂದು ಡಿಸ್ಕಿನಲ್ಲಿದ್ದರೆ, ಆಫ್ ಮಾಡಿದ ಮೇಲೆ ಅದು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಎರಡು ಡಿಸ್ಕುಗಳನ್ನು ರೇಡ್‌ನಲ್ಲಿ (ಒಂದೇ ಡಿಸ್ಕಿನಂತೆ) ಜೋಡಿಸಿದವರಂತೂ ಇದನ್ನು ಮುಟ್ಟಲೇಬಾರದು.

ಹಳೆಯ ಯಂತ್ರಗಳಲ್ಲಿ ಇದೇ ಲಕ್ಷಣಕ್ಕೆ ಕಾರಣ ಬೇರೆ. ಹಳೆಯ ತಂತ್ರಾಂಶವೊಂದಕ್ಕಾಗಿ ಈಗಲೂ ವಿಂಡೋಸ್ 7 ಬೇಕೆನ್ನುವವರಿದ್ದಾರೆ. ಅದರ ಮೂಲ ಇನ್‌ಸ್ಟಾಲರಿಗೆ ಎನ್‌ವಿಎಂಇ ಎಂದರೇನೆಂದೇ ಗೊತ್ತಿಲ್ಲ, ಆದ್ದರಿಂದ ಸಾಟಾ ಡಿಸ್ಕನ್ನು ಬಳಸುವುದೇ ಸುಲಭ. ಅಡಾಪ್ಟರ್ ಕಾರ್ಡಿನ ಮೇಲೆ ಎನ್‌ವಿಎಂಇ ಕೂರಿಸಿ ಹಳೆಯ ಡೆಸ್ಕ್‌ಟಾಪಿಗೆ ಹಾಕಿದಾಗ, ಡಿಸ್ಕ್ ಪಟ್ಟಿಯಲ್ಲಿ ಕಂಡರೂ "ಈ ಯಂತ್ರ ಈ ಡಿಸ್ಕಿನಿಂದ ಬೂಟ್ ಆಗಲಾರದು" ಎಂಬ ಎಚ್ಚರಿಕೆ ಬರಬಹುದು. ಅಲ್ಲಿ ಇನ್‌ಸ್ಟಾಲರ್ ನಿಜವನ್ನೇ ಹೇಳುತ್ತಿದೆ: ಬಯೋಸ್‌ಗೆ ಎನ್‌ವಿಎಂಇಯಿಂದ ಏಳುವ ವಿದ್ಯೆ ಇಲ್ಲ.

ಎಂಬಿಆರ್ ಮತ್ತು ಜಿಪಿಟಿಯ ತಕರಾರು

ಡಿಸ್ಕ್ ಪಟ್ಟಿಯಲ್ಲಿದೆ, ಆಯ್ಕೆ ಮಾಡಿದರೆ ಮಾತ್ರ ಮುಂದಿನ ಗುಂಡಿ ಮಂಕಾಗಿ ನಿಲ್ಲುತ್ತದೆ, ಕೆಳಗೆ ಹಳದಿ ತ್ರಿಕೋನದ ಜೊತೆ ಒಂದು ಸಾಲು ಬರುತ್ತದೆ. ಆ ಸಾಲನ್ನು ಒತ್ತಿದರೆ ಎರಡರಲ್ಲಿ ಒಂದು ಮಾತು ತೆರೆಯುತ್ತದೆ: ಆಯ್ದ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿಯಿದೆ, ಇಎಫ್‌ಐ (ಅಂದರೆ ಯುಇಎಫ್‌ಐ) ಯಂತ್ರಗಳಲ್ಲಿ ಜಿಪಿಟಿ ಡಿಸ್ಕಿಗೆ ಮಾತ್ರ ವಿಂಡೋಸ್ ಹಾಕಬಹುದು ಎಂಬುದು ಒಂದು, ಆಯ್ದ ಡಿಸ್ಕ್ ಜಿಪಿಟಿ ಬಗೆಯದು, ಅದಕ್ಕೆ ಹಾಕಲಾಗದು ಎಂಬುದು ಇನ್ನೊಂದು. ಎರಡರಲ್ಲೂ ದೋಷ ಡಿಸ್ಕಿನದಲ್ಲ. ಪೆನ್ ಡ್ರೈವ್ ಯಾವ ಬಗೆಯಲ್ಲಿ ಬೂಟ್ ಆಗಿದೆಯೋ, ಡಿಸ್ಕಿನ ಪಾರ್ಟಿಷನ್ ಪಟ್ಟಿ ಅದಕ್ಕೆ ಹೊಂದಬೇಕು, ಹೊಂದಿಲ್ಲ. ಯುಇಎಫ್‌ಐ ಬೂಟ್‌ಗೆ ಜಿಪಿಟಿ, ಲೆಗಸಿ ಅಥವಾ ಸಿಎಸ್‌ಎಂ ಎಂದು ಕರೆಯುವ ಹಳೆಯ ಬಗೆಗೆ ಎಂಬಿಆರ್, ಇಷ್ಟೇ ವಿಂಡೋಸ್‌ನ ನಿಯಮ.

ಹಾಗಾದರೆ ಈ ತಕರಾರು ಹೊಸ ಡಿಸ್ಕಿನಲ್ಲಿ ಏಕೆ ಬರಬೇಕು? ನಿಜಕ್ಕೂ ಖಾಲಿಯಾದ ಡಿಸ್ಕಿನಲ್ಲಿ ಬರಬಾರದು. ಪಾರ್ಟಿಷನ್ ಪಟ್ಟಿಯೇ ಇಲ್ಲದ ಡಿಸ್ಕನ್ನು ಕಂಡರೆ ಇನ್‌ಸ್ಟಾಲರ್ ತಾನು ಎದ್ದ ಬಗೆಗೆ ಒಪ್ಪುವ ಪಟ್ಟಿಯನ್ನು ತಾನೇ ಬರೆದುಕೊಳ್ಳುತ್ತದೆ. ಆದ್ದರಿಂದ ಈ ಸಂದೇಶ ಬಂದರೆ ಆ ಡಿಸ್ಕಿನ ಮೇಲೆ ಯಾರೋ ಮೊದಲೇ ಪಟ್ಟಿ ಬರೆದಿದ್ದಾರೆ ಎಂದರ್ಥ. ಹಲವು ಸಲ ಆ ಯಾರೋ ನಾವೇ: ಡಿಸ್ಕ್ ಸರಿಯಿದೆಯೇ ನೋಡೋಣವೆಂದು ಹಿಂದಿನ ದಿನ ಇನ್ನೊಂದು ಕಂಪ್ಯೂಟರಿಗೆ ಹಾಕಿ, ಇನಿಷಿಯಲೈಸ್ ಮಾಡಲೇ ಎಂದು ಅದು ಕೇಳಿದಾಗ ಓದದೆ ಸರಿ ಎಂದಿರುತ್ತೇವೆ. ಹಾಗೆ ಮಾಡಿದ ನೆನಪೇ ಇಲ್ಲ, ಮೊಹರು ಒಡೆದು ನೇರವಾಗಿ ಯಂತ್ರಕ್ಕೇ ಹಾಕಿದ್ದು ಎಂದಾದರೆ, ಹೊಸದೆಂದು ಕೊಂಡ ಡಿಸ್ಕ್ ಹೊಸದೇ ಎಂದು ವಿಚಾರಿಸಲು ಇದು ಒಳ್ಳೆಯ ಸಂದರ್ಭ. ಅದನ್ನು ನೋಡುವ ಬಗೆ ಕೊನೆಯಲ್ಲಿದೆ.

ಸರಿಪಡಿಸುವ ಮುನ್ನ ಯಾವುದನ್ನು ಬದಲಿಸಬೇಕು ಎಂದು ತೀರ್ಮಾನಿಸಿ. ಯಂತ್ರ ಯುಇಎಫ್‌ಐ ಬಲ್ಲದಾದರೆ ಡಿಸ್ಕನ್ನು ಜಿಪಿಟಿ ಮಾಡುವುದೇ ಸರಿ. ಎಂಬಿಆರ್ ಪಟ್ಟಿ ಸೆಕ್ಟರಿನ (ಡಿಸ್ಕಿನ ಸಣ್ಣ ತುಂಡಿನ) ವಿಳಾಸಕ್ಕೆ 32 ಬಿಟ್ ಮಾತ್ರ ಇಟ್ಟಿದೆ. 512 ಬೈಟಿನ ಸೆಕ್ಟರಿನಿಂದ ಗುಣಿಸಿದರೆ ಸುಮಾರು 2.2 ಟಿಬಿಗೆ ಲೆಕ್ಕ ಮುಗಿಯುತ್ತದೆ. ನಾಲ್ಕು ಟಿಬಿಯ ಡಿಸ್ಕ್ ತಂದು ಎಂಬಿಆರ್‌ನಲ್ಲಿ ಹಾಕಿದವರಿಗೆ ಸುಮಾರು ಅರ್ಧ ಡಿಸ್ಕ್ ಬಳಕೆಗೇ ಸಿಗುವುದಿಲ್ಲ. ಪ್ರೈಮರಿ ಪಾರ್ಟಿಷನ್ನುಗಳೂ ನಾಲ್ಕೇ. ಜಿಪಿಟಿ ತನ್ನ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಇಟ್ಟುಕೊಳ್ಳುತ್ತದೆ, ಮೊದಲಿನದು ಕೆಟ್ಟರೆ ಅದು ಆಧಾರ. (ಒಂದು ಟಿಬಿಯ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದು ಮೋಸವೂ ಅಲ್ಲ, ದೋಷವೂ ಅಲ್ಲ.)

ಬದಲಿಸುವ ಕೆಲಸ ಇನ್‌ಸ್ಟಾಲರ್‌ನೊಳಗೇ ಆಗುತ್ತದೆ. ಶಿಫ್ಟ್ ಮತ್ತು ಎಫ್10 ಕೀಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಕೀಯನ್ನೂ ಸೇರಿಸಬೇಕು. ಅಲ್ಲಿ ಡಿಸ್ಕ್‌ಪಾರ್ಟ್ ಎಂದು ಕೊಟ್ಟು, ಮುಂದೆ ಲಿಸ್ಟ್ ಡಿಸ್ಕ್ ಎಂಬ ಆಜ್ಞೆ ಕೊಡಿ. ಡಿಸ್ಕುಗಳ ಸಂಖ್ಯೆ, ಗಾತ್ರ ಮತ್ತು ಕೊನೆಯ ಕಂಬದಲ್ಲಿ ಜಿಪಿಟಿ ಆಗಿದ್ದರೆ ನಕ್ಷತ್ರದ ಗುರುತು ಕಾಣುತ್ತವೆ. ನಿಮ್ಮ ಪೆನ್ ಡ್ರೈವ್ ಕೂಡ ಆ ಪಟ್ಟಿಯಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ಗಾತ್ರ ನೋಡಿ ಹೊಸ ಡಿಸ್ಕಿನ ಸಂಖ್ಯೆಯನ್ನು ಸೆಲೆಕ್ಟ್ ಡಿಸ್ಕ್ ಆಜ್ಞೆಯಿಂದ ಆರಿಸಿ, ಇನ್ನೊಮ್ಮೆ ಲಿಸ್ಟ್ ಡಿಸ್ಕ್ ಕೊಟ್ಟು ಆಯ್ದದ್ದು ಅದೇ ಎಂದು ಖಾತ್ರಿ ಮಾಡಿಕೊಳ್ಳಿ. ಅದರ ನಂತರವೇ ಕ್ಲೀನ್, ಆಮೇಲೆ ಕನ್ವರ್ಟ್ ಜಿಪಿಟಿ. ಡಿಸ್ಕ್‌ಪಾರ್ಟ್‌ನಿಂದ ಹೊರಬಂದು ಕಿಟಕಿ ಮುಚ್ಚಿ, ಡಿಸ್ಕ್ ಪಟ್ಟಿಯನ್ನು ರಿಫ್ರೆಶ್ ಮಾಡಿ, ಹಂಚಿಕೆಯಾಗದ ಇಡೀ ಜಾಗವನ್ನು ಆಯ್ದು ಮುಂದೆ ಹೋಗಿ. ಪಾರ್ಟಿಷನ್ನುಗಳನ್ನು ಕೈಯಾರೆ ಮಾಡಲು ಹೋಗಬೇಡಿ. ಬೂಟ್‌ಗೆ ಬೇಕಾದ ಇಎಫ್‌ಐ ಪಾರ್ಟಿಷನ್ನನ್ನೂ ಉಳಿದ ಚಿಕ್ಕವನ್ನೂ ಇನ್‌ಸ್ಟಾಲರ್ ತಾನೇ ಸರಿಯಾದ ಜಾಗದಲ್ಲಿ ಇಡುತ್ತದೆ.

ಎರಡನೆಯ ಸಂದೇಶ, ಅಂದರೆ ಜಿಪಿಟಿ ಇರುವುದಕ್ಕೇ ಆಕ್ಷೇಪ ಬಂದರೆ, ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲದಿರಬಹುದು. ಪೆನ್ ಡ್ರೈವ್ ಹಳೆಯ ಬಗೆಯಲ್ಲಿ ಎದ್ದಿದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣುವುದು ಸಾಮಾನ್ಯ, ಒಂದರ ಹಿಂದೆ ಯುಇಎಫ್‌ಐ ಎಂಬ ಪದ ಇರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ಮೊದಲಿನದನ್ನು ಆರಿಸಿದರೆ ತಕರಾರು ಅಲ್ಲಿಗೇ ಮುಗಿಯುತ್ತದೆ. ಯುಇಎಫ್‌ಐ ಹೆಸರಿನದು ಕಾಣುವುದೇ ಇಲ್ಲವಾದರೆ ಪೆನ್ ಡ್ರೈವ್ ಮಾಡುವಾಗ ರೂಫಸ್‌ಗೆ ಕೊಟ್ಟ ಉತ್ತರವನ್ನು ನೆನಪಿಸಿಕೊಳ್ಳಿ.

ಲಿನಕ್ಸ್ ಇಲ್ಲಿ ಹೆಚ್ಚು ಹೊಂದಿಕೊಳ್ಳುತ್ತದೆ. ಹಳೆಯ ಬಗೆಯಲ್ಲಿ ಎದ್ದರೂ ಜಿಪಿಟಿ ಡಿಸ್ಕಿಗೆ ಅದನ್ನು ಹಾಕಬಹುದು, ಆದರೆ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್‌ಗೆಂದು ಒಂದು ಎಂಬಿಯ, ಫಾರ್ಮ್ಯಾಟ್ ಮಾಡದ ಬಯೋಸ್ ಬೂಟ್ ಪಾರ್ಟಿಷನ್ ಬೇಕು. ಕೈಯಾರೆ ಪಾರ್ಟಿಷನ್ ಮಾಡಿದವರಿಗೆ ಕೊನೆಯ ನಿಮಿಷದಲ್ಲಿ ಗ್ರಬ್ (ಲಿನಕ್ಸಿನ ಬೂಟ್‌ಲೋಡರ್) ಹಾಕಲಾಗಲಿಲ್ಲ ಎಂಬ ಕೆಂಪು ಸಂದೇಶ ಬಂದರೆ, ಇದು ಅಥವಾ ಯುಇಎಫ್‌ಐ ಬಗೆಯಲ್ಲಿ ಇಎಫ್‌ಐ ಪಾರ್ಟಿಷನ್ ಬಿಟ್ಟುಹೋದದ್ದು ಸಾಮಾನ್ಯ ಕಾರಣ.

ಕಡತಗಳ ನಕಲು ನಡುವೆ ನಿಂತರೆ

ಶೇಕಡಾ ಎಷ್ಟಕ್ಕೋ ನಿಂತು, 80070570 ಅಥವಾ 8007025ಡಿ ಎಂಬ ಕೊನೆಯುಳ್ಳ ಸಂಖ್ಯೆ ಬಂದರೆ ಅದರ ಸಾರ ಒಂದೇ: ಓದಿದ್ದು ಸರಿಯಾಗಿಲ್ಲ, ಅಥವಾ ಬರೆದದ್ದು ಸರಿಯಾಗಿಲ್ಲ. ಪೆನ್ ಡ್ರೈವಿನಿಂದ ರ‍್ಯಾಮ್‌ಗೆ, ಅಲ್ಲಿಂದ ಕೇಬಲ್ ದಾಟಿ ಡಿಸ್ಕಿಗೆ ಹೋಗುವ ದಾರಿಯಲ್ಲಿ ಎಲ್ಲಿ ಹಾಳಾದರೂ ಇದೇ ಸಂದೇಶ ಬರುತ್ತದೆ. ಹೀಗಾಗಿ ಇಲ್ಲಿ ತಾಳ್ಮೆ ಬೇಕು. ಇನ್ನೊಂದು ಪೆನ್ ಡ್ರೈವಿನಲ್ಲಿ, ಇನ್ನೊಂದು ಯುಎಸ್‌ಬಿ ಪೋರ್ಟಿನಲ್ಲಿ ಪ್ರಯತ್ನಿಸುವುದು ಅಗ್ಗದ ಪರೀಕ್ಷೆ, ಆದ್ದರಿಂದ ಅದು ಮೊದಲು. ಡೆಸ್ಕ್‌ಟಾಪಿನಲ್ಲಿ ಮುಂಭಾಗದ ಪೋರ್ಟ್ ಬಿಟ್ಟು ಹಿಂದಿನದನ್ನು ಬಳಸಿ.

ಪ್ರತಿ ಸಲ ಬೇರೆ ಬೇರೆ ಶೇಕಡಾದಲ್ಲಿ ನಿಲ್ಲುತ್ತಿದ್ದರೆ ನನ್ನ ಅನುಮಾನ ರ‍್ಯಾಮ್ ಕಡೆ ಹೋಗುತ್ತದೆ. ಎರಡು ಕಡ್ಡಿಗಳಿದ್ದರೆ ಒಂದನ್ನು ತೆಗೆದು ಪ್ರಯತ್ನಿಸಿ, ಮತ್ತೆ ಅದಲುಬದಲು ಮಾಡಿ. ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಿಸಿದರೆ ಇನ್ನೂ ಒಳ್ಳೆಯದು. ದಿನವೂ ಚೆನ್ನಾಗಿ ನಡೆಯುತ್ತಿದ್ದ ಯಂತ್ರದ ರ‍್ಯಾಮ್ ಇವತ್ತೇ ಕೆಡುವುದೇ ಎಂದು ಕೇಳಬಹುದು. ಅದು ಮೊದಲೇ ಕೆಟ್ಟಿರುತ್ತದೆ, ಯಾವಾಗಲೋ ಒಮ್ಮೆ ಬ್ರೌಸರ್ ಮುಚ್ಚಿಕೊಂಡಾಗ ನಾವು ಗಮನಿಸಿರುವುದಿಲ್ಲ. ನಾಲ್ಕೈದು ಜಿಬಿಯನ್ನು ಬಿಚ್ಚಿ ಪ್ರತಿ ತುಣುಕನ್ನೂ ತಾಳೆ ನೋಡುವ ಸ್ಥಾಪನೆಯ ಕೆಲಸ ಮಾತ್ರ ಅಷ್ಟು ಉದಾರಿಯಲ್ಲ.

ಕೇಬಲ್ಲೋ ಡಿಸ್ಕೋ ಎಂದು ಬಿಡಿಸಿ ಹೇಳುವ ಸಾಕ್ಷಿ ಬೇಕಾದರೆ ಉಬುಂಟುವಿನಂಥ ಲಿನಕ್ಸನ್ನು ಪೆನ್ ಡ್ರೈವಿನಿಂದಲೇ, ಏನನ್ನೂ ಹಾಕದೆ, ಎಬ್ಬಿಸಿ. ಡಿಸ್ಕಿಗೆ ಒಂದಿಷ್ಟು ದೊಡ್ಡ ಕಡತಗಳನ್ನು ಬರೆದು, ಡಿಎಂಇಎಸ್‌ಜಿ ಆಜ್ಞೆಯಿಂದ ಕರ್ನಲ್‌ನ (ಲಿನಕ್ಸಿನ ತಿರುಳಿನ) ದಿನಚರಿ ಓದಿ. ಸಾಟಾ ಡಿಸ್ಕಿನ ದೋಷದ ಸಾಲುಗಳಲ್ಲಿ ಐಸಿಆರ್‌ಸಿ ಎಂಬ ಗುರುತು ಇದ್ದರೆ ದತ್ತಾಂಶ ದಾರಿಯಲ್ಲಿ ಕೆಟ್ಟಿದೆ, ಅಂದರೆ ಕೇಬಲ್ ಅಥವಾ ಪೋರ್ಟು. ಯುಎನ್‌ಸಿ ಎಂದಿದ್ದರೆ ಡಿಸ್ಕ್ ತನ್ನೊಳಗಿನದನ್ನು ತಾನೇ ಓದಲಾರದೆ ಹೋಗಿದೆ. ಕರ್ನಲ್ ಸಂಪರ್ಕದ ವೇಗವನ್ನು 6 ಗಿಗಾಬಿಟ್‌ನಿಂದ 3ಕ್ಕೆ ತಾನೇ ಇಳಿಸಿದ್ದೂ ಕೇಬಲ್ಲಿನ ಕಡೆಗೇ ಬೆರಳು ತೋರುತ್ತದೆ. ಇಷ್ಟು ಸ್ಪಷ್ಟವಾಗಿ ತಪ್ಪಿತಸ್ಥನನ್ನು ಹೆಸರಿಸುವ ಬೇರೆ ಉಪಾಯವನ್ನು ನಾನು ಕಂಡಿಲ್ಲ. ವಿಂಡೋಸ್ ಮಾತ್ರ ಬಳಸುವವರೂ ಇದಕ್ಕಾಗಿ ಒಂದು ಲಿನಕ್ಸ್ ಪೆನ್ ಡ್ರೈವ್ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಕರೆಂಟಿನ ವಿಷಯ ನಮ್ಮ ಕಡೆ ಹೇಳದೆ ಇರುವಂತಿಲ್ಲ. ಡೆಸ್ಕ್‌ಟಾಪಿನಲ್ಲಿ ಯುಪಿಎಸ್ ಇಲ್ಲದೆ ಸ್ಥಾಪನೆ ಶುರುಮಾಡಬೇಡಿ. ನಡುವೆ ಕರೆಂಟ್ ಹೋಗಿದ್ದರೆ ಅರ್ಧ ಬರೆದದ್ದರ ಮೇಲೆ ಮುಂದುವರಿಸದೆ, ಪಾರ್ಟಿಷನ್ನುಗಳನ್ನೆಲ್ಲ ಅಳಿಸಿ ಮೊದಲಿನಿಂದ ಹಾಕಿ.

ಎಲ್ಲ ಮುಗಿದು ರೀಸ್ಟಾರ್ಟ್ ಆದ ಮೇಲೆ

ಮೊದಲ ರೀಸ್ಟಾರ್ಟ್ ನಂತರ ಮತ್ತೆ ಭಾಷೆ ಆಯ್ಕೆ ಮಾಡುವ ಮೊದಲ ಪರದೆಯೇ ಬಂದರೆ ಸ್ಥಾಪನೆ ಸೋತಿಲ್ಲ. ಯಂತ್ರ ಮತ್ತೆ ಪೆನ್ ಡ್ರೈವಿನಿಂದಲೇ ಎದ್ದಿದೆ. ಅದನ್ನು ಕಿತ್ತು ಮತ್ತೆ ಆನ್ ಮಾಡಿ, ಉಳಿದ ಅರ್ಧ ಕೆಲಸ ಡಿಸ್ಕಿನಿಂದ ಮುಂದುವರಿಯುತ್ತದೆ. ಇದನ್ನು ದೋಷವೆಂದು ತಿಳಿದು ಮೂರು ಸಲ ಹೊಸದಾಗಿ ಹಾಕಿದವರಿದ್ದಾರೆ.

ಹಳೆಯ ಡಿಸ್ಕನ್ನು ತೆಗೆದಿಡಿ ಎಂದು ಆರಂಭದಲ್ಲಿ ಹೇಳಿದ್ದರ ಎರಡನೆಯ ಕಾರಣ ಇಲ್ಲಿದೆ. ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ಪರಿಚಿತರೊಬ್ಬರು ತಮ್ಮ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದರು. ಹಳೆಯ ಡಿಸ್ಕ್ ಜೊತೆಗಿದ್ದಾಗಲೇ ವಿಂಡೋಸ್ ಹಾಕಲಾಯಿತು, ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಶಬ್ದ ಮಾಡುತ್ತಿದ್ದ ಹಳೆಯ ಡಿಸ್ಕನ್ನು ಕಿತ್ತ ದಿನ ಯಂತ್ರ ಏಳಲೇ ಇಲ್ಲ. ಹೊಸ ಎಸ್‌ಎಸ್‌ಡಿ ಒಂದೇ ವಾರಕ್ಕೆ ಸತ್ತಿತೆಂದು ಅವರು ಫೋನ್ ಮಾಡಿದರು. ನಡೆದದ್ದೇನೆಂದರೆ, ಇನ್‌ಸ್ಟಾಲರ್ ಹಳೆಯ ಡಿಸ್ಕಿನಲ್ಲಿ ಆಗಲೇ ಒಂದು ಇಎಫ್‌ಐ ಪಾರ್ಟಿಷನ್ ಇರುವುದನ್ನು ಕಂಡು, ಹೊಸದರಲ್ಲಿ ಇನ್ನೊಂದನ್ನು ಮಾಡದೆ, ಬೂಟ್ ಕಡತಗಳನ್ನು ಅಲ್ಲಿಗೇ ಸೇರಿಸಿತ್ತು. ವಿಂಡೋಸ್ ಹೊಸ ಮನೆಯಲ್ಲಿ, ಬೀಗದ ಕೈ ಹಳೆಯ ಮನೆಯಲ್ಲಿ.

ಇದನ್ನು ಗುರುತಿಸಲು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇಎಫ್‌ಐ ಸಿಸ್ಟಂ ಪಾರ್ಟಿಷನ್ ಯಾವ ಡಿಸ್ಕಿನ ಸಾಲಿನಲ್ಲಿದೆ ಎಂದು ನೋಡಿದರೆ ಸಾಕು. ಸ್ಥಾಪನೆ ಆಗಷ್ಟೇ ಮುಗಿದಿದ್ದರೆ ಹಳೆಯ ಡಿಸ್ಕ್ ಕಿತ್ತು ಮತ್ತೊಮ್ಮೆ ಹಾಕುವುದೇ ಶುದ್ಧವಾದ ದಾರಿ. ಅವರ ಯಂತ್ರದಲ್ಲಿ ವಾರದ ಕೆಲಸ ಕೂತಿದ್ದರಿಂದ ಬೇರೆ ದಾರಿ ಹಿಡಿದೆವು: ಎಸ್‌ಎಸ್‌ಡಿಯ ವಿಂಡೋಸ್ ಪಾರ್ಟಿಷನ್ನನ್ನು ಡಿಸ್ಕ್‌ಪಾರ್ಟ್‌ನಿಂದ ಸ್ವಲ್ಪ ಕುಗ್ಗಿಸಿ, ಸಿಕ್ಕ ಜಾಗದಲ್ಲಿ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ಬಿಸಿಡಿಬೂಟ್ ಆಜ್ಞೆಗೆ ವಿಂಡೋಸ್ ಫೋಲ್ಡರಿನ ದಾರಿಯನ್ನೂ ಆ ಅಕ್ಷರವನ್ನೂ ತೋರಿಸಿದೆವು. ಅದು ಬೂಟ್ ಕಡತಗಳನ್ನು ಹೊಸದಾಗಿ ಬರೆದುಕೊಟ್ಟಿತು, ಎಸ್‌ಎಸ್‌ಡಿ ಒಂಟಿಯಾಗಿ ಎದ್ದಿತು.

ಇನ್ನೊಂದು ಲಕ್ಷಣ: ಸ್ಥಾಪನೆಯ ದಿನ ಎಲ್ಲ ಸರಿ, ಮಾರನೆಯ ದಿನ ಬೆಳಿಗ್ಗೆ ಬೂಟ್ ಆಗುವ ಡಿಸ್ಕೇ ಇಲ್ಲ. ಹಳೆಯ ಡೆಸ್ಕ್‌ಟಾಪಿನಲ್ಲಿ ಹೀಗಾದರೆ ಬಯೋಸ್‌ನಲ್ಲಿ ದಿನಾಂಕ ನೋಡಿ. ಅದು ಹತ್ತಾರು ವರ್ಷ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ಮುಗಿದಿದೆ. ರಾತ್ರಿ ಸ್ವಿಚ್ ಆರಿಸಿದ ಕೂಡಲೇ ನೀವು ಬದಲಿಸಿದ ಬೂಟ್ ಬಗೆ, ಎಎಚ್‌ಸಿಐ (ಸಾಟಾ ಡಿಸ್ಕಿನ ಜೊತೆ ಮಾತಾಡುವ ಬಗೆ) ಆಯ್ಕೆ ಎಲ್ಲವೂ ಅಳಿದು ಹಳೆಯ ಸ್ಥಿತಿಗೆ ಮರಳಿರುತ್ತವೆ. ಹಳ್ಳಿಯ ಶಾಲೆಯೊಂದರ ಲ್ಯಾಬಿನಲ್ಲಿ ಹೀಗೆ ದಿನವೂ "ಕೆಡುತ್ತಿದ್ದ" ನಾಲ್ಕು ಯಂತ್ರಗಳಿಗೆ ಬೇಕಾಗಿದ್ದುದು ನಾಲ್ಕು ಗುಂಡು ಬ್ಯಾಟರಿ ಮಾತ್ರ.

ಡಿಸ್ಕೇ ಕೆಟ್ಟಿದೆ ಎಂದು ಯಾವಾಗ ಹೇಳಬಹುದು

ಇಷ್ಟನ್ನೂ ದಾಟಿ ಬಂದ ಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆಯನ್ನು ಓದಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಇದನ್ನು ತೋರಿಸುತ್ತವೆ. ಸಾಟಾ ಹಾರ್ಡ್ ಡಿಸ್ಕಿನಲ್ಲಿ 5, 197 ಮತ್ತು 198 ಎಂಬ ಸಂಖ್ಯೆಯ ಸಾಲುಗಳು ಕೆಟ್ಟ ಸೆಕ್ಟರುಗಳ ಲೆಕ್ಕ. ಹೊಸ ಡಿಸ್ಕಿನಲ್ಲಿ ಮೂರೂ ಸೊನ್ನೆ ಇರಬೇಕು. 199ನೇ ಸಾಲು ಮಾತ್ರ ಏರಿದ್ದರೆ ಅದು ಕೇಬಲ್ಲಿನ ದೂರು, ಡಿಸ್ಕಿನದಲ್ಲ. ಕೇಬಲ್ ಬದಲಿಸಿದ ಮೇಲೂ ಹಳೆಯ ಲೆಕ್ಕ ಅಲ್ಲಿಯೇ ಉಳಿಯುತ್ತದೆ, ಏರುವುದು ನಿಂತಿದೆಯೇ ಎಂದಷ್ಟೇ ನೋಡಬೇಕು. ಎನ್‌ವಿಎಂಇಯಲ್ಲಿ ಈ ಸಂಖ್ಯೆಗಳಿಲ್ಲ, ಮೀಡಿಯಾ ದೋಷಗಳ ಸಾಲನ್ನು ನೋಡಿ. ಆಮೇಲೆ ಡಿಸ್ಕಿನ ಸ್ವಪರೀಕ್ಷೆಯ ದೀರ್ಘ ರೂಪವನ್ನು ಓಡಿಸಿ. ದೊಡ್ಡ ಹಾರ್ಡ್ ಡಿಸ್ಕಿಗೆ ಇದು ಹಲವು ಗಂಟೆ ಹಿಡಿಯುತ್ತದೆ.

9ನೇ ಸಾಲು ಡಿಸ್ಕ್ ಎಷ್ಟು ಗಂಟೆ ನಡೆದಿದೆ ಎಂದು ಹೇಳುತ್ತದೆ. ನಿನ್ನೆ ಕೊಂಡ ಡಿಸ್ಕಿನಲ್ಲಿ ಅದು ಬೆರಳೆಣಿಕೆಯಲ್ಲಿರಬೇಕು; ಸಾವಿರಗಳಲ್ಲಿದ್ದರೆ ನಿಮಗೆ ಸಿಕ್ಕಿರುವುದು ಬಳಸಿದ ಮಾಲು. ಜಾಹೀರಾತಿನಲ್ಲಿ ನಂಬಲಾಗದ ಬೆಲೆಗೆ ಬಂದ ದೊಡ್ಡ ಡಿಸ್ಕಾದರೆ ಅದರ ಗಾತ್ರವೇ ಸುಳ್ಳಿರಬಹುದು. ಕೆಲವಕ್ಕೆ ದೊಡ್ಡ ಗಾತ್ರ ಹೇಳುವಂತೆ ಕಲಿಸಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಹಾಳಾಗುತ್ತದೆ, ಸ್ಥಾಪನೆ ಅರ್ಥವಾಗದ ಜಾಗದಲ್ಲಿ ನಿಲ್ಲುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ತಂತ್ರಾಂಶಗಳು ಡಿಸ್ಕನ್ನು ಪೂರ್ತಿ ತುಂಬಿಸಿ, ತುಂಬಿದ್ದನ್ನು ಮತ್ತೆ ಓದಿ, ಈ ಸುಳ್ಳನ್ನು ಹಿಡಿಯುತ್ತವೆ.

ಡಿಸ್ಕೇ ಕೆಟ್ಟಿದೆ ಎಂದು ಖಚಿತವಾದರೆ ಸ್ಮಾರ್ಟ್ ದಾಖಲೆಯ ಚಿತ್ರ, ದೋಷಸಂದೇಶದ ಫೋಟೋ, ಬಿಲ್ಲು ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ತಂತ್ರಾಂಶ ತೋರಿಸುವ ಸೀರಿಯಲ್ ಸಂಖ್ಯೆ, ಡಿಸ್ಕಿನ ಲೇಬಲ್ಲಿನ ಸಂಖ್ಯೆ ಮತ್ತು ಬಿಲ್ಲಿನ ಸಂಖ್ಯೆ ಒಂದೇ ಆಗಿವೆಯೇ ಎಂದು ನೋಡಿ, ಅದೇ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಕೊಟ್ಟು ವಾರಂಟಿ ಇನ್ನೂ ಇದೆಯೇ ಎಂದು ಪರೀಕ್ಷಿಸಿ. ಅಂಗಡಿಗೆ ಹೊರಡುವುದು ಅದರ ನಂತರ.